ಎರವಲು ಹೆಪ್ಪು

ನಮ್ಮೂರಲ್ಲಿ ಯಾರು ಎಲ್ಲಿ ಕುಳಿತು ಎದ್ದರೂ ಅವರ ಮೈಯ ವಾಸನೆ ಮೂರು ದಿನ ಅಲ್ಲೇ ಕುಳಿತಿರುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದುಹೋಗುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಕಣ್ಣಾಮುಚ್ಚಾಲೆ ಆಟ ಗೊತ್ತಿಲ್ಲ. ಬೀಗ ಹಾಕಿದ ಮನೆಗೆ ಬಂದ ನೆಂಟರು ಜಗಲಿಯ ಮೇಲೆ ಸ್ವಲ್ಪ ಬಗ್ಗಿ, ನಿನ್ನೆ ಮಧ್ಯಾಹ್ನ ಹೊರಟಿದ್ದಾರೆ, ಅತ್ತೆಯನ್ನೂ ಕರೆದುಕೊಂಡು ಹೋಗಿದ್ದಾರೆ ಎಂದು ತಿಳಿದುಕೊಂಡು ವಾಪಸಾಗುತ್ತಾರೆ. ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಗಂಡ ಮೂರನೆಯ ದಿನದ ಸಂಜೆಯೊಳಗೆ ಕರೆತರಲು ಹೊರಡುತ್ತಾನೆ. ನಾಲ್ಕನೆಯ ದಿನದ ಮನೆಯಲ್ಲಿ ಒಬ್ಬನೇ ಇರುವುದು ಕಷ್ಟ. ಅತ್ತರು ಹಚ್ಚಿಕೊಂಡು ಬಂದವರಿಗೆ ನಮ್ಮಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದವನಿಗೆ ನೀವಾದರೂ ಮನೆ ಕೊಡುತ್ತೀರಾ?

ಇಂಥ ಊರಲ್ಲಿ ನನ್ನ ಮೈ ನಾರುತ್ತಿತ್ತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನ್ನ ಕಂಕುಳಲ್ಲಿ ಹಳಸಿದ ಈರುಳ್ಳಿ ಸಾರಿನಂಥ ವಾಸನೆಯಿತ್ತು, ಅದು ಅಪ್ಪನಿಂದ ಬಂದದ್ದು. ಅಪ್ಪ ನೇಯ್ಗೆ ಮಗ್ಗದ ಗುಂಡಿಯಲ್ಲಿ ಒಬ್ಬರೇ ಕುಳಿತು ಬದುಕು ಮುಗಿಸಿದರು, ಅವರಿಗೆ ತೊಂದರೆಯಾಗಲಿಲ್ಲ. ನಾನು ಎಂ.ಎ. ಓದಿದೆ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಹಂಗಾಮಿ ಮೇಷ್ಟ್ರಾದೆ. ನನ್ನ ಹೆಸರು ದಕ್ಷಿಣಾಮೂರ್ತಿ. ‘ಮೂರ್ತಿ ಬಂದ್ರೆ ಗರ್ಭಗುಡಿ ವಾಸನೆ ಬರ್ಬೇಕಿತ್ತು, ಇದ್ಯಾವ ಅಡಿಗೆಮನೆದಪ್ಪಾ’ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ಮೊದಲ ಎರಡು ಬೆಂಚಿನ ಮಕ್ಕಳು ಒಂದೇ ವಾರದಲ್ಲಿ ಹಿಂದಕ್ಕೆ ಸರಿದರು. ನಾನು ಮಾಡದ ಉಪಾಯವಿಲ್ಲ. ಪಟಿಕ ಉಜ್ಜಿದೆ, ನಿಂಬೆಹಣ್ಣು ತಿಕ್ಕಿದೆ, ಬೇವಿನ ಸೊಪ್ಪು ಅರೆದು ಹಚ್ಚಿದೆ. ಒಂದು ದಿನ ಹೋಗುತ್ತಿತ್ತು, ಮರುದಿನ ಮೊದಲಿಗಿಂತ ಜೋರಾಗಿ ಬರುತ್ತಿತ್ತು.

ಇದಕ್ಕೆ ನಿಜವಾದ ಮದ್ದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಮೈಗೂ ಹೆಪ್ಪು ಹಾಕಬಹುದು. ಬೆವರಿಗೆ ವಾಸನೆಯಿಲ್ಲ, ಕಂಕುಳಲ್ಲಿ ಮನೆ ಮಾಡಿಕೊಂಡು ಆ ಬೆವರನ್ನು ಉಣ್ಣುವ ಕಣ್ಣಿಗೆ ಕಾಣದ ಜೀವಗಳು ಎಂಥವೋ ಅಂಥ ವಾಸನೆ. ವಿಜ್ಞಾನದ ಮೇಡಂ ಅವನ್ನು ಸೂಕ್ಷ್ಮಜೀವಿ ಎನ್ನುತ್ತಾರೆ, ನಾವು ಹೆಪ್ಪು ಎನ್ನುತ್ತೇವೆ. ಒಳ್ಳೆಯ ಮೈಯವರು ಮೂರು ದಿನ ಕಂಕುಳು ತೊಳೆಯದೆ, ಅಕ್ಕಿ ತೊಳೆದ ನೀರಲ್ಲಿ ಅದ್ದಿ ಆರಿಸಿದ ಹತ್ತಿಬಟ್ಟೆಯ ತುಂಡನ್ನು ಅಲ್ಲಿ ಇಟ್ಟುಕೊಳ್ಳಬೇಕು. ಪಡೆಯುವವರು ಅದೇ ಮೂರು ದಿನ ಬಿಸಿನೀರು ಸೀಗೇಪುಡಿ ಹಾಕಿ ತಿಕ್ಕಿ ತಮ್ಮ ಹಳೆಯದನ್ನು ಓಡಿಸಿ, ಆಮೇಲೆ ಆ ತುಂಡನ್ನು ಧರಿಸಬೇಕು. ತಾಯಿ ಮಗುವಿಗೆ, ಅತ್ತೆ ಸೊಸೆಗೆ ಕೊಡುವುದು ಮನೆಯೊಳಗಿನ ವಿಷಯ. ಹೊರಗಿನವರಿಂದ ತಂದರೆ ಅದು ಎರವಲು. ಎರವಲು ಮೈಯವರ ಸಾಕ್ಷಿ ನಡೆಯುವುದಿಲ್ಲ. ಸಾಕ್ಷಿ ನಡೆಯದವರಿಗೆ ಖಾಯಂ ಕೆಲಸವೂ ಇಲ್ಲ. ಆದರೆ ಬಾಯಿಬಿಟ್ಟು ಹೇಳುವವರೆಗೆ ಯಾರೂ ಎರವಲಿನವರಲ್ಲ. ಕೊಟ್ಟವರು ಸಾಯುವವರೆಗೆ ಹೇಳಬಾರದು, ಪಕ್ಕದವರು ಕೇಳಬಾರದು. ಊರು ಇಷ್ಟರ ಮೇಲೆ ನಡೆಯುತ್ತಿತ್ತು.

ನೀಲಾಂಬಿಕೆಯವರ ಹೊಲಿಗೆ ಅಂಗಡಿ ಪಂಚಾಯ್ತಿ ಮಳಿಗೆಯ ಸಾಲಿನಲ್ಲಿ ಕೊನೆಯದು. ಊರಿಗೆಲ್ಲ ನೀಲಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಒಬ್ಬರೇ ಇದ್ದರು. ಅವರ ಮನೆತನದ ಮೈವಾಸನೆ ಊರಲ್ಲಿ ಹೆಸರಾದದ್ದು. ಆಗತಾನೆ ಹೆಚ್ಚಿದ ಸೌತೆಕಾಯಿಯ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು. ಊರಿನ ಹೆಂಗಸರೆಲ್ಲರ ರವಿಕೆ ಅವರ ಕೈಯಲ್ಲಿ ಆಗುತ್ತಿತ್ತು, ಎಂದರೆ ಊರಿನ ಎಲ್ಲರ ಕಂಕುಳಿನ ಸಂಗತಿ ಅವರಿಗೆ ಗೊತ್ತಿತ್ತು. ಒಂದನ್ನೂ ಅವರು ಯಾರಿಗೂ ಹೇಳಿದ್ದಿಲ್ಲ. ನಾನು ಹೊಸ ಅಂಗಿಗೆ ಬಟ್ಟೆ ಕೊಟ್ಟು, ಅಳತೆಗೆಂದು ಹಳೆಯದೊಂದನ್ನು ಮಡಿಸಿ ಕೊಟ್ಟೆ. ಅವರು ಅದನ್ನು ಬಿಡಿಸಿ, ತೋಳಿನ ಬುಡದಲ್ಲಿ ಹಳದಿಗಟ್ಟಿ ಒರಟಾಗಿದ್ದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ, ಮತ್ತೆ ಮಡಿಸಿಟ್ಟರು.

“ಸೋಮವಾರ ಬನ್ನಿ ಮೇಷ್ಟ್ರೇ. ಅಲ್ಲೀವರ್ಗೂ ದಿನಕ್ಕೆ ಎರಡು ಸಲ ಸೀಗೇಪುಡಿ ಹಾಕ್ಕೊಂಡು ಸ್ನಾನ ಮಾಡಿ. ಹೊಸ ಬಟ್ಟೆ ಚೆನ್ನಾಗಿ ಕೂರುತ್ತೆ.”

ಅವಮಾನವಾಯಿತು. ಆದರೂ ಮಾಡಿದೆ. ಸೋಮವಾರ ಅಂಗಿ ಕೊಡುವಾಗ, “ಒಂದು ವಾರ ಒಗೀಬೇಡಿ” ಎಂದರು, ಅಷ್ಟೇ. ಮನೆಗೆ ಬಂದು ತೊಟ್ಟುಕೊಂಡಾಗ ಎರಡೂ ತೋಳಿನ ಬುಡದಲ್ಲಿ, ಒಳಗಡೆ, ಎಳೆದರೆ ಬಿಚ್ಚಿಕೊಳ್ಳುವಂಥ ಹೊಲಿಗೆಯಲ್ಲಿ ಎರಡು ಬಿಳಿ ತುಂಡು ಕೈಗೆ ಸಿಕ್ಕಿದವು. ಏನೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೇಳದೆ ಕೊಟ್ಟಿದ್ದರು. ಮಾತಿಲ್ಲದೆ ಕೊಟ್ಟಿದ್ದರು. ಮೌನವನ್ನು ನಾನು ಆ ಹೊತ್ತಿನಲ್ಲಿ ನಂಬಿದಷ್ಟು ಯಾವತ್ತೂ ನಂಬಿರಲಿಲ್ಲ.

ಹತ್ತು ದಿನದಲ್ಲಿ ಹೆಪ್ಪು ಹಿಡಿಯಿತು. ಅಮ್ಮನಿಗೆ ಮೊದಲು ಗೊತ್ತಾಯಿತು. ನನ್ನ ತಟ್ಟೆಗೆ ಅನ್ನ ಬಡಿಸುತ್ತ ಕೈ ನಿಲ್ಲಿಸಿ, “ಯಾರ ಮನೇದೋ ಹುಡುಗ ಬಂದು ಕೂತಂಗಾಯ್ತು” ಎಂದಳು. ಮುಂದೆ ಕೇಳಲಿಲ್ಲ. ಶಾಲೆಯಲ್ಲಿ ಮಕ್ಕಳು ಮುಂದಿನ ಬೆಂಚಿಗೆ ಬಂದರು. ಹೆಡ್‌ಮೇಡಂ ಕರೆಸಿ, “ಏನೋ ಮಾಡಿದೀರ. ಏನು ಅಂತ ನಾನು ಕೇಳಲ್ಲ. ಮುಂದಿನ ತಿಂಗಳು ನಿಮ್ಮ ಹೆಸರು ಖಾಯಂಗೆ ಕಳಿಸ್ತೀನಿ” ಎಂದರು. ಅದು ನೀಲಕ್ಕನ ವಾಸನೆ ಎಂದು ಯಾರಿಗೂ ಹೊಳೆಯಲಿಲ್ಲವೇ ಎಂದರೆ, ಇಲ್ಲ. ಕಣ್ಣೆದುರು ಕುಳಿತವನು ಯಾರೆಂದು ಯಾರೂ ಮೂಸಿ ನೋಡುವುದಿಲ್ಲ. ನಮ್ಮೂರಲ್ಲಿ ಮೂಗು ದುಡಿಯುವುದು ಆಳಿಲ್ಲದ ಜಾಗದಲ್ಲಿ ಮಾತ್ರ.

ಅಂಥದೊಂದು ಜಾಗ ನನಗಿತ್ತು. ಕೆರೆ ಏರಿಯ ಕೆಳಗೆ ಹಳೆಯ ಪಂಪ್‌ಹೌಸ್. ಮೋಟಾರು ಕೆಟ್ಟು ಹನ್ನೊಂದು ವರ್ಷವಾಗಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ಒಂದು ತಾಸು ಕೂರುತ್ತಿದ್ದೆ. ಓದುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದೆ. ಓಡುವುದಕ್ಕೆಂದೇ ಹುಟ್ಟಿದ ಯಂತ್ರ ನಿಂತುಹೋದರೆ ಅದರ ಸುತ್ತ ಬೇರೆಲ್ಲೂ ಸಿಗದ ಒಂದು ನಿಶ್ಶಬ್ದ ಇರುತ್ತದೆ. ಅಲ್ಲಿಗೆ ಬೆಳಿಗ್ಗೆ ಇನ್ನೊಬ್ಬರು ಬರುತ್ತಿದ್ದರು. ಸ್ಪಿರಿಟ್ಟಿನದೂ ಬೀಡಿಯದೂ ಬೆರೆತ ವಾಸನೆಯಿಂದ ನನಗೆ ಗೊತ್ತಾಗಿತ್ತು, ಆಸ್ಪತ್ರೆಯ ಕಾಂಪೌಂಡರ್ ಪರಶಿವಪ್ಪನವರು. ಹೆಂಡತಿ ಸರ್ವಮಂಗಳಮ್ಮನಿಗೆ ಬೀಡಿ ಬಿಟ್ಟೆನೆಂದು ಮಾತು ಕೊಟ್ಟಿದ್ದರಂತೆ. ನಾವಿಬ್ಬರೂ ಅಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಹಾಗಿದ್ದೂ ಅವರು ಜೊತೆಗಿದ್ದಾರೆ ಎಂದು ನನಗೆ ಹಿತವಾಗಿತ್ತು.

ಹೆಪ್ಪು ಹಿಡಿದ ಎರಡು ವಾರಕ್ಕೆ, ಮೋಟಾರಿನ ಕಟ್ಟೆಯ ಮೇಲೆ ಒಂದು ಪೊಟ್ಟಣ ಇತ್ತು. ಒಳಗೆ ಎರಡು ತುಂಡು ಕೊಬ್ಬರಿ ಮಿಠಾಯಿ. ನಾನು ಇಲ್ಲಿ ಕೂರುವುದನ್ನು ತಿಳಿದು ಪರಶಿವಪ್ಪನವರು ಇಟ್ಟಿದ್ದಾರೆ ಎಂದುಕೊಂಡೆ. ಮಾತಾಡದೆ ಸ್ನೇಹ ಬೆಳೆಸುವವರು ಊರಲ್ಲಿ ಇನ್ನೊಬ್ಬರಿದ್ದಾರಲ್ಲ ಎನ್ನಿಸಿತು. ತಿಂದೆ. ನನ್ನ ಲೆಕ್ಕದಲ್ಲಿ ಅದಕ್ಕೊಂದು ಮರುಮಾತು ಬೇಕಿತ್ತು. ಮರುದಿನ ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ ಅದೇ ಕಟ್ಟೆಯ ಮೇಲಿಟ್ಟೆ. ಆಮೇಲೆ ಇನ್ನೆರಡು ಸಲ ಮಿಠಾಯಿ ಬಂತು. ಎರಡು ಸಲವೂ ತಿಂದೆ.

ಪರಶಿವಪ್ಪನವರ ಮೂಗಿಗೆ ಆ ಜಾಗದಲ್ಲಿ ನಾನಿರಲಿಲ್ಲ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಅವರ ಮೂಗಿಗೆ ಅಲ್ಲಿ ದಿನವೂ ಬಂದು ಕೂರುತ್ತಿದ್ದದ್ದು ನೀಲಕ್ಕ.

ಪಂಚಾಯ್ತಿಯವರು ಹೊಸ ಮೋಟಾರು ಕೂರಿಸಲು ಹೊರಟರು. ಪಾಳುಬಿದ್ದ ಕಟ್ಟಡಕ್ಕೆ ಕೈ ಹಚ್ಚುವ ಮುಂಚೆ ನಮ್ಮಲ್ಲಿ ಪತ್ತೆ ನೋಡಿಸಬೇಕು, ಎಂದರೆ ಒಳಗೆ ಯಾರು ಬಂದುಹೋಗುತ್ತಾರೆ ಎಂದು ಮೂಸಿ ಹೇಳಿಸಬೇಕು. ಪತ್ತೆ ಕೆಂಚಪ್ಪನವರದು ಪರಂಪರೆಯಿಂದ ಬಂದ ಕೆಲಸ. ಎಪ್ಪತ್ತರ ಮುದುಕರು, ನಲವತ್ತು ವರ್ಷ ಊರಿನ ವ್ಯಾಜ್ಯಗಳನ್ನು ಮೂಗಿನಲ್ಲಿ ಬಿಡಿಸಿದವರು. ಅವರು ಹೇಳಿದ ಮೇಲೆ ಮುಗಿಯಿತು. ಕಣ್ಣಾರೆ ಕಂಡೆ ಎಂದವರ ಮಾತೂ ಅವರ ಮುಂದೆ ನಡೆಯುವುದಿಲ್ಲ. ಪಂಪ್‌ಹೌಸಿನ ಒಳಗೆ ಹೋಗಿ, ಹೊರಗೆ ಬಂದು, ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಂಡು, ನಿಂತಿದ್ದ ನಾಲ್ಕು ಜನರಿಗೆ ಹೇಳಿದರು: “ಪರಶಿವಪ್ಪ. ನೀಲಾಂಬಿಕೆ. ದಿನಾ.”

ಸಂಜೆಯೊಳಗೆ ಊರಿಗೆ ತಿಳಿಯಿತು. ಸರ್ವಮಂಗಳಮ್ಮ ಗಂಡನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದರು. ಅವರು ಇಲ್ಲವೆಂದಿದ್ದರೆ ಅರ್ಧಕ್ಕೆ ನಿಲ್ಲುತ್ತಿತ್ತೋ ಏನೋ. ಅವರು ಅನ್ನಲಿಲ್ಲ. “ಅವ್ರು ಬರ್ತಾರೆ ಅಂತ ಗೊತ್ತಿತ್ತು ಕಣೇ. ಆದ್ರೆ ನಾವು ಒಂದು ದಿನಾನೂ ಮುಖ ನೋಡಿಲ್ಲ, ದೇವ್ರಾಣೆ” ಎಂದು, ನಾಚಿಕೊಂಡು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೋರಿಸಿದರಂತೆ. ಒಂದು ಕಡ್ಡಿಯನ್ನೂ ಗೀರಿರಲಿಲ್ಲವಂತೆ. ಐವತ್ತು ವರ್ಷದ ಮನುಷ್ಯ.

ನೀಲಕ್ಕ ಆ ಹೊತ್ತಿನಲ್ಲಿ ಅಂಗಡಿಯಲ್ಲಿದ್ದೆ ಎಂದರು. ಆದರೆ ಅಂಗಡಿಯಲ್ಲಿ ಅವರ ವಾಸನೆ ಯಾವಾಗಲೂ ಇತ್ತು. ಯಾವಾಗಲೂ ಇರುವ ವಾಸನೆ ಯಾವ ಹೊತ್ತಿಗೂ ಸಾಕ್ಷಿಯಾಗುವುದಿಲ್ಲ. ಒಂದೇ ಸಲ ಹೇಳಿದರು, ಆಮೇಲೆ ಹೇಳಲಿಲ್ಲ.

ನನಗೆ ಆ ಸಂಜೆಯೇ ಎಲ್ಲ ಅರ್ಥವಾಗಿತ್ತು. ಊರಲ್ಲಿ ಇನ್ನೊಬ್ಬರಿಗೂ ಅರ್ಥವಾಗಿರಬೇಕು. ತನ್ನ ವಾಸನೆ ಇನ್ನು ಯಾರ ಮೈಮೇಲಿದೆ ಎಂದು ನೀಲಕ್ಕನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರು ಹೇಳಿಬಿಡುತ್ತಾರೆ ಎಂದು ಕಾದೆ. ಹೇಳಿದರೆ ಒಪ್ಪಿಕೊಳ್ಳುವುದು ಎಂದುಕೊಂಡೆ. ಹಾಗೆಂದುಕೊಂಡು ನನ್ನ ಕಣ್ಣಿಗೆ ನಾನೇ ಸಭ್ಯನಾಗಿ ಕಂಡೆ. ಪಂಪ್‌ಹೌಸಿಗೆ ಹೋಗುವುದನ್ನು ಬಿಟ್ಟೆ. ಅದರಿಂದ ಇನ್ನೂ ಕೆಟ್ಟಿತು. ನಾಲ್ಕನೆಯ ದಿನ ಕೆಂಚಪ್ಪನವರು ಮತ್ತೊಮ್ಮೆ ಹೋಗಿ ನೋಡಿದರೆ ಸೌತೆಕಾಯಿಯ ವಾಸನೆ ಎದ್ದುಹೋಗಿತ್ತು. ಸಿಕ್ಕಿಬಿದ್ದ ಮೇಲೆ ಬಿಟ್ಟಳು ಎಂದು ಜನ ತೀರ್ಮಾನ ಮಾಡಿದರು.

ಯಾರೂ ನೀಲಕ್ಕನಿಗೆ ಬೈಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ಕತ್ತರಿಸದೆ ಉಳಿದಿದ್ದ ತಮ್ಮ ರವಿಕೆ ಬಟ್ಟೆಯನ್ನು ಗೂಡಿನಿಂದ ತಾವೇ ಎತ್ತಿಕೊಂಡು ಬಂದರು. ಮಾತಿಲ್ಲ. ಎದುರುಮನೆಯವರು ನಲ್ಲಿಯ ಹತ್ತಿರ ಬಿಂದಿಗೆ ಸರಿಸಿ ಜಾಗ ಬಿಟ್ಟುಕೊಟ್ಟರು, ಮಾತಿಲ್ಲ. ನಾನು ಶಾಲೆಗೆ ಹೋಗಿಬರುವ ದಾರಿಯಲ್ಲಿ ಆ ಅಂಗಡಿ. ಹೊಲಿಗೆ ಯಂತ್ರದ ಸದ್ದು ಒಂದು ವಾರ ಆಗೊಮ್ಮೆ ಈಗೊಮ್ಮೆ ಕೇಳಿತು, ಆಮೇಲೆ ನಿಂತಿತು. ಓಡುವುದಕ್ಕೆಂದೇ ಹುಟ್ಟಿದ ಯಂತ್ರ ನಿಂತರೆ ಎಂದು ನಾನು ಏನೇನೋ ಕಟ್ಟಿಕೊಂಡಿದ್ದೆನಲ್ಲ, ಅದೆಲ್ಲ ಬರೀ ಮಾತು. ಅಲ್ಲಿ ಒಬ್ಬ ಹೆಂಗಸು ಕೈಕಟ್ಟಿ ಕುಳಿತಿದ್ದರು.

ಆಮೇಲೆ ಸರ್ವಮಂಗಳಮ್ಮ ಪಂಚಾಯ್ತಿಗೆ ಅರ್ಜಿ ಕೊಟ್ಟರು. ಹೆಂಗಸರು ಬಂದುಹೋಗುವ ಮಳಿಗೆ ಸಾಲಿನಲ್ಲಿ ಇಂಥವರು ಬೇಡ, ಅಂಗಡಿ ಖಾಲಿ ಮಾಡಿಸಬೇಕು. ಪತ್ತೆ ನೋಡಿದ ಇಪ್ಪತ್ತೆರಡನೆಯ ದಿನ, ಶುಕ್ರವಾರ ಬೆಳಿಗ್ಗೆ, ಕೆಂಚಪ್ಪನವರ ಜಗಲಿಯಲ್ಲಿ ತೀರ್ಮಾನ. ಅಂಗಡಿ ಹೋದರೆ ನೀಲಕ್ಕ ಊರು ಬಿಡಬೇಕು, ಬೇರೆ ದಾರಿಯಿರಲಿಲ್ಲ. ನನ್ನ ಖಾಯಮಾತಿಯ ಕಾಗದ ಅದೇ ವಾರ ಮೇಲಿನ ಕಚೇರಿಗೆ ಹೋಗಿತ್ತು.

ಮಂಗಳವಾರ ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯ ಮೆಟ್ಟಿಲು ಹತ್ತಿದೆ. ನೀಲಕ್ಕ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಗೂಡುಗಳು ಖಾಲಿ.

“ಅಂಗಿ ಹೊಲಿಸ್ಬೇಕಿತ್ತಾ ಮೇಷ್ಟ್ರೇ?”

ನಾನು ಬಾಗಿಲ ಚೌಕಟ್ಟು ಹಿಡಿದು ಬೀದಿಯ ಕಡೆ ತಿರುಗಿ ನೋಡಿದೆ.

“ಕೂತ್ಕೊಳ್ಳಿ. ಭಯ ಬೇಡ. ನೀವು ಎಷ್ಟೊತ್ತು ಕೂತ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ. ನಾನೇ ಕೂತಿದ್ದೆ ಅಂದ್ಕೋತಾರೆ.”

ನಗುತ್ತಾರೇನೋ ಎಂದು ಮುಖ ನೋಡಿದೆ. ನಗುತ್ತಿರಲಿಲ್ಲ.

“ನೀವ್ಯಾಕೆ ಹೇಳಲಿಲ್ಲ?” ಎಂದೆ.

“ಏನಂತ ಹೇಳ್ಲಿ? ನಮ್ಮವ್ವ ಈ ಊರಲ್ಲಿ ಹನ್ನೆರಡು ಜನಕ್ಕೆ ಕೊಟ್ಟಿದ್ಲು. ಒಂದು ಹೆಸ್ರು ನನಗೂ ಹೇಳ್ದೆ ಹೋದ್ಲು. ಕೊಟ್ಟವ್ರು ಹೇಳೋ ಹಂಗಿಲ್ಲ.” ಎಣ್ಣೆಯ ಬುಡ್ಡಿಗೆ ಮುಚ್ಚಳ ತಿರುಗಿಸಿದರು. “ಇಸ್ಕೊಂಡವ್ರು ಹೇಳ್ಬೋದು. ಅದಕ್ಕೆ ಯಾರ ಅಡ್ಡಿನೂ ಇಲ್ಲ.”

“ಯಾಕೆ ಕೊಟ್ರಿ ನನಗೆ?”

“ಪಟಿಕ ಹಾಕಿ ಹಾಕಿ ಅಂಗಿ ತೋಳೇ ಸುಟ್ಟೋಗಿತ್ತು. ಬಟ್ಟೆ ನೋಡಿ ಹೊಟ್ಟೆ ಉರೀತು.” ಬುಡ್ಡಿಯನ್ನು ಗೂಡಿಗಿಟ್ಟು ಹೇಳಿದರು: “ಇದ್ದದ್ದನ್ನ ಓಡಿಸಿ ಜಾಗ ಖಾಲಿ ಬಿಟ್ರೆ ಕೆಟ್ಟದ್ದೇ ಮೊದಲು ಬಂದು ಕೂರುತ್ತೆ ಮೇಷ್ಟ್ರೇ. ಒಳ್ಳೇದನ್ನ ನಾವೇ ಕೂರಿಸ್ಬೇಕು. ಅದು ಗೊತ್ತಿಲ್ದೆ ತಿಕ್ತಾ ಇದ್ರಿ.”

ಹೇಳು ಎಂದು ಅವರು ಕೇಳಲಿಲ್ಲ. ನಾನು ಹೇಳುತ್ತೇನೆ ಎಂದೂ ಅನ್ನಲಿಲ್ಲ. ಎದ್ದು ಬಂದೆ. ಆ ಮೂರು ದಿನ ನಾನು ಏನು ಯೋಚಿಸಿದೆ ಎಂದು ಬರೆಯಲು ಹೋದರೆ ನನ್ನನ್ನು ಒಳ್ಳೆಯವನನ್ನಾಗಿ ಬರೆದುಬಿಡುತ್ತೇನೆ. ಶುಕ್ರವಾರ ಬೆಳಿಗ್ಗೆ ಶಾಲೆಗೆಂದು ಹೊರಟವನು ಕೆಂಚಪ್ಪನವರ ಬೀದಿಗೆ ತಿರುಗಿದೆ, ಅಷ್ಟು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.

ಜಗಲಿಯ ಮುಂದೆ ಐವತ್ತು ಅರವತ್ತು ಜನ ಇದ್ದರು. ನೀಲಕ್ಕ ಒಂದು ಕಡೆ ನಿಂತಿದ್ದರು, ಅವರ ಸುತ್ತ ಮೂರು ಮಾರು ಜಾಗ ಖಾಲಿ. ಪರಶಿವಪ್ಪನವರು ಕಂಬದ ಮರೆಯಲ್ಲಿ. ಸರ್ವಮಂಗಳಮ್ಮನ ಮಾತು ಮುಗಿಯುವುದನ್ನು ಕಾದು ನಾನು, “ಪಂಪ್‌ಹೌಸಲ್ಲಿ ಕೂರ್ತಿದ್ದದ್ದು ನಾನು” ಎಂದೆ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ.

“ನೀನ್ಯಾಕಯ್ಯ ಮಧ್ಯ ಬಂದೆ?” ಎಂದರು ಕೆಂಚಪ್ಪನವರು. “ನಿನ್ನ ವಾಸ್ನೆ ನಂಗೊತ್ತಿಲ್ವಾ? ನಿಮ್ಮಪ್ಪನ ಮಗ್ಗದ ಗುಂಡಿಯಿಂದ ಗೊತ್ತು.”

“ಅದು ಈಗ ಇಲ್ಲ. ನನ್ನದು ಎರವಲು. ನೀಲಕ್ಕ ಕೊಟ್ಟದ್ದು.”

ಒಬ್ಬ ಹೆಂಗಸು, “ಥೂ, ಬಾಯ್ಬಿಟ್ಟು ಹೇಳ್ತಾರಾ ಅದನ್ನ” ಎಂದಳು. ಕೆಂಚಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೋಡು, ನೀನು ಸುಳ್ಳು ಹೇಳ್ತಿದ್ರೆ ಸುಳ್ಳುಗಾರ, ನಿನ್ನ ಸಾಕ್ಷಿ ನಡೆಯಲ್ಲ. ನಿಜ ಹೇಳ್ತಿದ್ರೆ ಎರವಲಿನವನು, ಆಗಲೂ ನಡೆಯಲ್ಲ. ಹೋಗು, ಮಕ್ಕಳಿಗೆ ಪಾಠ ಮಾಡೋಗು.”

ಜನ ನಕ್ಕರು. ನಗು ನಿಲ್ಲುವವರೆಗೆ ನಿಂತಿದ್ದು, ಕಂಬದ ಕಡೆ ತಿರುಗಿದೆ. “ಪರಶಿವಪ್ಪನವರೇ, ಮೊದಲನೇ ಸಲ ಕೊಬ್ಬರಿ ಮಿಠಾಯಿ ಎರಡು ತುಂಡಿದ್ದವು. ಒಂದರ ತಳ ಸೀದಿತ್ತು. ಕಟ್ಟಿದ್ದು ಔಷಧಿ ಚೀಟಿಯಲ್ಲಿ. ಅದರ ಮೇಲೆ ‘ಹುಳುವಿನ ಮಾತ್ರೆ, ರಾತ್ರಿ ಊಟವಾದ ಮೇಲೆ ಒಂದು’ ಅಂತ ಬರೆದಿತ್ತು. ಮೂರನೇ ಸಲ ಏಲಕ್ಕಿ ಜಾಸ್ತಿಯಾಗಿತ್ತು.”

ಪರಶಿವಪ್ಪನವರ ಮುಖದಲ್ಲಿ ಏನೋ ಕುಸಿದುಬಿದ್ದದ್ದನ್ನು ನಾನು ಕಂಡೆ. ಅವರಿಗೂ ನಾನು ಒಂದು ನಷ್ಟ ಮಾಡಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. “ನೀವಾ... ನೀವಾ ತಿಂದಿದ್ದು?” ಎಂದರು.

“ಹೌದು. ಬೆಂಕಿಪೊಟ್ಟಣ ಇಟ್ಟವನೂ ನಾನೇ. ನೀವು ಬೀಡಿ ಸೇದ್ತೀರಲ್ಲ ಅಂತ.”

“ಸೀದದ್ದು ನಾನು ಮಾಡಿದ ಮಿಠಾಯಿ!” ಎಂದು ಸರ್ವಮಂಗಳಮ್ಮ ಕೂಗಿದರು. “ಮನೆದೇವ್ರಿಗೆ ಅಂತ ಮಾಡಿದ್ದು! ಎರಡು ತುಂಡು ಕಮ್ಮಿ ಬಂತು ಅಂತ ನಾನು ನಾದಿನಿ ಮೇಲೆ ಅನುಮಾನ ಪಟ್ಟೆನಲ್ಲೋ ಮನೆಹಾಳ! ಮೇಷ್ಟ್ರಿಗೆ ಮಿಠಾಯಿ ಇಟ್ಟು ಕಾದ್ಯಾ? ಬೀಡಿ ಬೇರೆ!”

ಆಗ ಎದ್ದ ನಗು ಬೇರೆ ಥರದ್ದು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಗ್ಗಿಬಿಟ್ಟರು. ನ್ಯಾಯ ಅಲ್ಲಿಗೇ ಮುಗಿದಿತ್ತು. ಆದರೂ ಕೆಂಚಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ನನ್ನನ್ನು ಜಗಲಿಯ ಒಂದು ತುದಿಯಲ್ಲಿ, ನೀಲಕ್ಕನನ್ನು ಇನ್ನೊಂದು ತುದಿಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಇಬ್ಬರನ್ನೂ ದೂರ ಕಳಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ತುದಿಗೆ ಹೋಗಿ ನಿಂತರು, ಇನ್ನೊಂದು ತುದಿಗೆ ಹೋಗಿ ನಿಂತರು. ಮತ್ತೆ ಮೊದಲಿನ ತುದಿಗೆ ಬಂದರು. ಹೀಗೆ ನಾಲ್ಕು ಸಲ. ಕೊನೆಗೆ ಗೋಡೆ ಹಿಡಿದು ಕೂತು, “ಒಂದೇ” ಎಂದರು. ಆಮೇಲೆ ಯಾರಿಗೂ ಅಲ್ಲದ ಹಾಗೆ, “ನಲವತ್ತು ವರ್ಷ” ಎಂದರು. ಅವತ್ತಿನಿಂದ ಅವರು ಪತ್ತೆ ನೋಡಲು ಹೋದ ಕಡೆ ಹೆಸರು ಹೇಳುವುದಿಲ್ಲ. ‘ಯಾರೋ ಇದ್ದರು’ ಎಂದು ಹೇಳಿ ಬಂದುಬಿಡುತ್ತಾರೆ.

ಅರ್ಜಿ ಬಿದ್ದುಹೋಯಿತು. ಒಂದೇ ವಾಸನೆಯ ಎರಡು ಮೈ ಊರಲ್ಲಿರಕೂಡದು ಎಂದು ಕೆಂಚಪ್ಪನವರು ನನಗೆ ಹೇಳಿದರು. ಅದು ಅವರು ಕೊಟ್ಟ ಕೊನೆಯ ತೀರ್ಪು. ಹೆಡ್‌ಮೇಡಂ ಕಾಗದ ವಾಪಸ್ ತರಿಸಿಕೊಂಡರು. “ನೀವು ಬಾಯ್ಬಿಟ್ಟ ಮೇಲೆ ನಾನೇನು ಮಾಡ್ಲಿ ಹೇಳಿ” ಎಂದರು. ಅವರ ತಪ್ಪೇನೂ ಇರಲಿಲ್ಲ. ಅಮ್ಮ ನಾಲ್ಕು ದಿನ ಹಂಡೆಗೆ ಉರಿ ಹಾಕಿ, ಸೀಗೇಪುಡಿ ಕಲೆಸಿ, ನಾನು ಚಿಕ್ಕವನಿದ್ದಾಗ ತಿಕ್ಕಿದ ಹಾಗೆ ತಿಕ್ಕಿದಳು. ಒಂದು ವಾರಕ್ಕೆ ಹಳಸಿದ ಈರುಳ್ಳಿಯ ಸಾರು ಮೆಲ್ಲಗೆ ಮರಳಿತು. ಬಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. “ಬಂದ್ಯಾ” ಎಂದಳು. ನಾನೀಗ ಎರಡು ಮೈಲಿ ಆಚೆ ಇಟ್ಟಿಗೆ ಭಟ್ಟಿಯಲ್ಲಿ ಬರವಣಿಗೆ ಕೆಲಸ ಮಾಡುತ್ತೇನೆ. ಅಲ್ಲಿ ಹೊಗೆಯಲ್ಲಿ ಯಾರ ವಾಸನೆಯೂ ನಿಲ್ಲುವುದಿಲ್ಲ.

ನೀಲಕ್ಕನ ಅಂಗಡಿಗೆ ಹೆಂಗಸರು ಮತ್ತೆ ಹೋದರು. ಹೋದಷ್ಟು ಸುಲಭವಾಗಿ ಬಟ್ಟೆ ಕೊಟ್ಟು ಬರಲಾಗಲಿಲ್ಲ. ಅವರು ಯಾರನ್ನೂ ವಾಪಸ್ ಕಳಿಸಲಿಲ್ಲವಂತೆ, ಆದರೆ ಅಳತೆಪಟ್ಟಿ ಕುತ್ತಿಗೆಯಿಂದ ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದರಂತೆ: “ಆ ಇಪ್ಪತ್ತೆರಡು ದಿನ ನನ್ನ ಬಗ್ಗೆ ಏನಂದ್ಕೊಂಡಿದ್ದೆ? ಬಾಯ್ಬಿಟ್ಟು ಹೇಳು, ಆಮೇಲೆ ಅಳತೆ ತಗೋತೀನಿ.” ಏನೂ ಅಂದ್ಕೊಂಡಿರಲಿಲ್ಲ ಎಂದವರು ಬಟ್ಟೆ ಹಿಡಿದು ನಿಂತೇ ಇರಬೇಕಾಗುತ್ತಿತ್ತು. ಸರ್ವಮಂಗಳಮ್ಮ ಎರಡು ಸಲ ಮೆಟ್ಟಿಲ ತನಕ ಹೋಗಿ ಹಿಂತಿರುಗಿ, ಮೂರನೇ ಸಲ ಒಳಗೆ ಹೋಗಿ, ಅಂದುಕೊಂಡದ್ದನ್ನೆಲ್ಲ ಹೇಳಿದರಂತೆ. ಬೀದಿಯ ಆಚೆಗೂ ಕೇಳಿಸಿತಂತೆ. ನೀಲಕ್ಕ ಪೂರ್ತಿ ಕೇಳಿ, “ತೋಳು ಉದ್ದ ಇಡ್ಲಾ, ಗಿಡ್ಡ ಇಡ್ಲಾ” ಎಂದರಂತೆ.

ನಾನು ಹೋದದ್ದು ತಿಂಗಳಾದ ಮೇಲೆ. ಭಾನುವಾರ. ಬೆಂಚಿನ ಮೇಲೆ ಇಬ್ಬರು ಹೆಂಗಸರು ಕಾಯುತ್ತಿದ್ದರು. ನಾನು ಬಾಗಿಲಿಗೆ ಬರುತ್ತಲೇ ಒಬ್ಬಾಕೆ ಸೆರಗಿನ ತುದಿಯನ್ನು ಮೂಗಿನ ಹತ್ತಿರ ತಂದಳು. ಬಟ್ಟೆಯನ್ನು ಮೇಜಿನ ಮೇಲಿಟ್ಟೆ.

“ಹಳೇ ಅಂಗಿ ತಂದಿಲ್ವಾ ಅಳತೆಗೆ?”

“ಇಲ್ಲ.”

“ಇಪ್ಪತ್ತೆರಡು ದಿನ ಏನಂದ್ಕೊಂಡು ಸುಮ್ಮನಿದ್ರಿ?”

ಆ ಪ್ರಶ್ನೆಗೆ ಉತ್ತರವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಮೌನದ ಮೇಲೆ ನನಗಿದ್ದ ನಂಬಿಕೆ, ಕೊಟ್ಟವರ ಮರ್ಯಾದೆ, ಹೀಗೆ. “ಅದು... ನಾನು ಮೊದಲಿಂದ...” ಎಂದೆ.

“ಪಾಠ ಬೇಡ ಮೇಷ್ಟ್ರೇ.”

“ಕೆಲಸ ಖಾಯಂ ಆಗೋವರ್ಗೂ ಸುಮ್ಮನಿರೋಣ ಅಂದ್ಕೊಂಡೆ. ಆದ ಮೇಲಾದ್ರೂ ಹೇಳ್ತಿದ್ನೋ ಇಲ್ವೋ ಗೊತ್ತಿಲ್ಲ.”

ಬೆಂಚಿನ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲಕ್ಕ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

“ಹೆಪ್ಪು ಬೇಕಾ?” ಎಂದರು. ಅಷ್ಟು ಜೋರಾಗಿ ಆ ಮಾತನ್ನು ಊರಲ್ಲಿ ಯಾರೂ ಕೇಳಿದ್ದಿಲ್ಲ. “ಬೇಕಿದ್ರೆ ಕೇಳಿ ಇಸ್ಕೊಳ್ಳಿ. ಅಂಗಿ ಒಳಗೆ ಬಚ್ಚಿಟ್ಟು ಇನ್ನು ಯಾರಿಗೂ ಕೊಡಲ್ಲ.”

“ಬೇಕು. ಕೊಡಿ.”

“ಯೋಚ್ನೆ ಮಾಡ್ತೀನಿ” ಎಂದು ಅವರು ಕುತ್ತಿಗೆಯಿಂದ ಅಳತೆಪಟ್ಟಿ ತೆಗೆದರು. “ಕೈ ಎತ್ತಿ.”

ಎತ್ತಿದೆ. ಬೆಂಚಿನ ಮೇಲಿದ್ದವಳು ಸೆರಗನ್ನು ಪೂರ್ತಿ ಮೂಗಿಗೆ ಒತ್ತಿಕೊಂಡಳು. ನೀಲಕ್ಕ ಹತ್ತಿರ ಬಂದು, ಪಟ್ಟಿಯನ್ನು ನನ್ನ ಕಂಕುಳ ಕೆಳಗಿಂದ ಬೆನ್ನ ಸುತ್ತ ಹಾಯಿಸಿ, ಎದೆಯ ಮುಂದೆ ಎರಡೂ ತುದಿ ಸೇರಿಸಿ ಹಿಡಿದು, ಮುಖ ತಿರುಗಿಸದೆ, ಬೀದಿಗೆ ಕೇಳುವ ಹಾಗೆ ಓದಿದರು:

“ಮೂವತ್ತೆಂಟು.”